ಹಗ್ಗವಿಲ್ಲದ ಜೋಕಾಲಿ

ಮಕ್ಕಳ ಆಟವನ್ನು ಕಪ್ಪು ಬಿಳುಪಿನಲ್ಲಿ ಹಿಡಿಯುವವರಿಗೆ ಗೊತ್ತಿರುವ ಸಂಗತಿಯೊಂದಿದೆ. ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಬಣ್ಣ ತೆಗೆದ ಮೇಲೆ ನಗುವಿಗೂ ಚೀರಾಟಕ್ಕೂ ಹೇಳಿಕೊಳ್ಳುವಂಥ ಭೇದ ಉಳಿಯುವುದಿಲ್ಲ. ಅಗಲಿಸಿದ ಬಾಯಿ, ಮುಚ್ಚಿದ ಕಣ್ಣು, ಮೇಲೆತ್ತಿದ ಕೈ, ಎರಡಕ್ಕೂ ಅವೇ. ಮುದನಾಳ ಎಂಬ ಊರಿನ ಹತ್ತಿರ ಹಳೆಯ ಟೈರು ಉರುಳಿಸಿಕೊಂಡು ಓಡಿಬರುತ್ತಿದ್ದ ಹುಡುಗರ ಪಟ ನನ್ನ ಹತ್ತಿರ ಇದೆ. ತೆಗೆದವನು ನಾನು. ಅವರು ಕೇಕೆ ಹಾಕಿದ್ದನ್ನು ಈ ಕಿವಿಯಿಂದ ಕೇಳಿದವನೂ ನಾನು. ಆದರೂ ಆ ಪಟ ನೋಡಿದವರು ಮೊದಲು ಕೇಳುವ ಮಾತು ಒಂದೇ: 'ಏನ್ ಬೆನ್ನ ಹತ್ತಿತ್ರಿ ಅವಕ್ಕ?'

ಏನೂ ಬೆನ್ನು ಹತ್ತಿರಲಿಲ್ಲ. ಹಿಂದೆ ಇದ್ದದ್ದು ಧೂಳು. ಕಪ್ಪು ಬಿಳುಪಿನಲ್ಲಿ ಧೂಳು ಹೊಗೆಯಾಗುತ್ತದೆ, ಅಷ್ಟೇ. ನಾರಾಯಣಪುರದ ಆಣೆಕಟ್ಟಿನ ಕ್ವಾರ್ಟರ್ಸಿನಲ್ಲಿ ಕಣ್ಣಾಮುಚ್ಚಾಲೆ ಆಡುತ್ತಿದ್ದ ಒಂದು ಕೂಸು ಗೋಡೆಗೆ ಹಣೆ ಹಚ್ಚಿ ಎಣಿಸುತ್ತಿತ್ತು, ಉಳಿದವೆಲ್ಲ ಅಡಗಿಕೊಂಡು ಕಿಸಿಕಿಸಿ ನಗುತ್ತಿದ್ದವು. ಪ್ರಿಂಟು ಹಾಕಿ ನೋಡಿದರೆ ಊರಿಗೆ ಊರೇ ಖಾಲಿಯಾಗಿ, ಉಳಿದ ಒಂದೇ ಕೂಸು ಗೋಡೆ ಹಿಡಿದು ಅಳುತ್ತಿತ್ತು.

'ನಿಮ್ಮ ಕೈಗೆ ಸಿಕ್ಕ ಮಕ್ಕಳು ಹಬ್ಬದಾಗೂ ಸೂತಕ ಇದ್ದಂಗ ಕಾಣ್ತಾವ ನೋಡ್ರಿ' ಎಂದು ನನ್ನ ಹೆಂಡತಿ ತೀರ್ಪು ಕೊಟ್ಟಿದ್ದಾಳೆ. ಮೇಲ್ಮನವಿಗೆ ನಮ್ಮ ಮನೆಯಲ್ಲಿ ಅವಕಾಶವಿಲ್ಲ.

ನಾನು ಶಹಾಪುರದ ಹೈಸ್ಕೂಲೊಂದರಲ್ಲಿ ಚಿತ್ರಕಲೆಯ ಮಾಸ್ತರನಾಗಿದ್ದವನು. ನಿವೃತ್ತಿಯ ದಿನ ಸಹೋದ್ಯೋಗಿಗಳು ಶಾಲು ಹೊದಿಸಿ ಗೋಡೆ ಗಡಿಯಾರ ಕೊಟ್ಟರು. ಇನ್ನು ಕಾಲ ನೋಡುತ್ತ ಕುಳಿತಿರು ಎಂಬ ಸೂಚನೆ ಇರಬೇಕು. ನಾನು ಹಳೆಯ ರೀಲು ಕ್ಯಾಮೆರಾ ಹುಡುಕಿ ತಂದೆ, ಬಚ್ಚಲಿನ ಕಿಟಕಿಗೆ ಕರಿಕಂಬಳಿ ಹೊಡೆದು ಅದನ್ನು ಕತ್ತಲೆಕೋಣೆಯೆಂದು ಘೋಷಿಸಿದೆ. ಎಲ್ಲರ ಸ್ನಾನ ಮುಗಿದ ಮೇಲೆ ಮಾತ್ರ ಘೋಷಣೆ ಜಾರಿಗೆ ಬರುತ್ತಿತ್ತು. ಸಂವಿಧಾನವನ್ನೂ ರಚಿಸಿಕೊಂಡೆ: ಆಡುವ ಮಕ್ಕಳನ್ನು ಬಿಟ್ಟು ಬೇರೆ ಏನನ್ನೂ ತೆಗೆಯತಕ್ಕದ್ದಲ್ಲ, ನಿಲ್ಲಿಸಿ ತೆಗೆಯತಕ್ಕದ್ದಲ್ಲ, ಬಣ್ಣ ಮುಟ್ಟತಕ್ಕದ್ದಲ್ಲ. ಬಣ್ಣ ಬಂತೆಂದರೆ ನೋಡುವವರ ಕಣ್ಣು ಹುಡುಗನ ಅಂಗಿಗೆ ಹೋಗುತ್ತದೆ, ಆಟ ಅಲ್ಲೇ ಉಳಿಯುತ್ತದೆ ಎಂಬುದು ನನ್ನ ಸಿದ್ಧಾಂತವಾಗಿತ್ತು. ಮೊಬೈಲಿನಲ್ಲಿ ಚಕಚಕನೆ ತೆಗೆದು ಚಕಚಕನೆ ಅಳಿಸುವ ಈ ಕಾಲದಲ್ಲಿ ಇಂಥ ಸಿದ್ಧಾಂತ ಇಟ್ಟುಕೊಂಡವನನ್ನು ಜನ ಒಂದೋ ಕಲಾವಿದ ಅನ್ನುತ್ತಾರೆ, ಇಲ್ಲವೇ ಪಾಪ ಅನ್ನುತ್ತಾರೆ. ನನಗೆ ಎರಡನೆಯದೇ ಹೆಚ್ಚು ಸಿಕ್ಕಿತು.

ಆ ವರ್ಷ ಪಂಚಮಿಗೆ ಕಕ್ಕೇರಾಕ್ಕೆ ಹೋದೆ. ಅಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪ್ರೈಮರಿ ಸಾಲಿ ಮಾಸ್ತರನಾಗಿದ್ದಾನೆ. ಮನೆಯಲ್ಲಿ ದಖನಿ ಮಾತಾಡುವವ, ಆದರೆ ಕನ್ನಡದ ವ್ಯಾಕರಣ ತಪ್ಪಿದರೆ ಹಬ್ಬದ ದಿನವೂ ಮುಖ ಗಂಟಿಕ್ಕುವವ. 'ಬರ್ರಿ ಸರ್, ನಮ್ಮ ಓಣ್ಯಾಗ ಬೇವಿನ ಗಿಡಕ್ಕ ಭಾರಿ ಜೋಕಾಲಿ ಕಟ್ಟ್ಯಾರ, ನಿಮ್ಮ ರೀಲು ಸಾಲಂಗಿಲ್ಲ' ಎಂದು ಕರೆದಿದ್ದ. ಸುರಪುರದಲ್ಲಿ ಬಸ್ಸು ಬದಲಿಸಿ ಮುಟ್ಟುವ ಹೊತ್ತಿಗೆ ಮೋಡ ಕವಿದಿತ್ತು. ಮಳೆ ಬರುವುದೂ ಇಲ್ಲ, ಹೋಗುವುದೂ ಇಲ್ಲ ಎಂಬಂಥ ಮೋಡ. ಗಾಳಿ ನಿಂತು ಬೇವಿನ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಅಲುಗುತ್ತಿದ್ದದ್ದು ಜೋಕಾಲಿ ಮಾತ್ರ. ಅದು ಹೋಗಿ ಬರುವಾಗೊಮ್ಮೆ ಮೇಲಿನ ಕೊಂಬೆ ಮುದುಕನ ಹಾಗೆ ನರಳುತ್ತಿತ್ತು.

ಜೋಕಾಲಿಯ ಮೇಲೆ ಒಂದು ಹುಡುಗಿ ನಿಂತಿದ್ದಳು, ನನ್ನ ವಿದ್ಯಾರ್ಥಿಯ ತರಗತಿಯವಳೇ. ತಾಯಿ ಕಾಮಾಲೆಯಲ್ಲಿ ತೀರಿಕೊಂಡಿದ್ದಾಳೆ. ಅಪ್ಪ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಹೋದವ ಅಲ್ಲೇ ಇನ್ನೊಂದು ಮನೆ ಮಾಡಿಕೊಂಡಿದ್ದಾನೆ. ಸಾಕುವವಳು ತಾಯಿಯ ತಾಯಿ. ಊರೆಲ್ಲ ಆಕೆಯನ್ನು ಆಯಿ ಅನ್ನುತ್ತಿತ್ತು. ವಯಸ್ಸಿನಲ್ಲಿ ನನಗಿಂತ ಹಿರಿಯಳೋ ಕಿರಿಯಳೋ ಹೇಳಲಾರೆ, ಊರು ಅಂದಂತೆ ನಾನೂ ಆಯಿ ಅಂದೆ. ಜೋಕಾಲಿ ತೂಗುತ್ತಿದ್ದವಳು ಆಕೆಯೇ. ಹುಡುಗಿ 'ಇನ್ನಾ ಮ್ಯಾಲ ಆಯಿ, ಇನ್ನಾ ಮ್ಯಾಲ!' ಎಂದು ಕೂಗುತ್ತಿದ್ದಳು. ಆಯಿ ಒಮ್ಮೆ ಮೈಯೆಲ್ಲಾ ಬಲ ಹಾಕಿ ದಬ್ಬಿದಳು, ದಬ್ಬಿದ ರಭಸಕ್ಕೆ ತಲೆಯ ಮೇಲಿನ ಸೆರಗು ಜಾರಿ ಬೆಳ್ಳನೆಯ ಕೂದಲು ಬಯಲಾಯಿತು. ಹುಡುಗಿ ತುತ್ತತುದಿ ಮುಟ್ಟಿದಳು. ಬಿಚ್ಚಿದ ಕರಿಗೂದಲು ಮುಖದ ಸುತ್ತ ಹರಡಿತು, ಬಾಯಿ ತೆರೆಯಿತು. ನಾನು ಗುಂಡಿ ಒತ್ತಿದೆ.

ಆಕೆ ಇಳಿದವಳೇ ನನ್ನ ಹತ್ತಿರ ಓಡಿ ಬಂದಳು.

'ತೋರಸ್ರಿ ಸರ್.'

'ಇದರಾಗ ಈಗ ಕಾಣಂಗಿಲ್ಲವ್ವಾ. ತೊಳೀಬೇಕು.'

'ತೊಳ್ಯಾದಾ? ಯಾಕ್ರಿ, ನಾ ಏನ್ ಹೊಲಸ ಆಗೀನೇನು?'

'ಕತ್ತಲ್ಯಾಗ ತೊಳೀಬೇಕು. ಆಮ್ಯಾಲ ನೀ ಕಾಣ್ತಿ.'

'ಅಲ್ಲೀತನ ನಾ ಒಳಗ ಕತ್ತಲ್ಯಾಗ ಕುಂದರಬೇಕಾ?' ಎಂದು ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಓಣಿಯ ಹುಡುಗರೂ ನಕ್ಕರು. ಆಯಿ ಮಾತ್ರ ನಗಲಿಲ್ಲ. ಸೆರಗು ತಲೆಗೆ ಎಳೆದುಕೊಳ್ಳುತ್ತ, 'ಹಬ್ಬದ ದಿನ ಅಂಥಾ ಮಾತ ಆಡಬ್ಯಾಡ' ಅಂದಳು. ನನ್ನ ಕೈಯ ಕ್ಯಾಮೆರಾವನ್ನು ಆಕೆ ನೋಡಿದ ರೀತಿಯನ್ನು ನಾನು ಆಗ ಗಮನಿಸಿದೆನೇ ಹೊರತು ಲೆಕ್ಕಕ್ಕೆ ಹಿಡಿಯಲಿಲ್ಲ. ಎಳ್ಳುಂಡಿ ಕೊಟ್ಟರು, ತಿಂದು ಬಂದೆ.

ಬಚ್ಚಲಿನ ತಟ್ಟೆಯಲ್ಲಿ ಕಾಗದ ಮುಳುಗಿಸಿದಾಗ ಮೊದಲು ಬರುವುದು ಕಪ್ಪು. ಹುಡುಗಿಯ ಕೂದಲು ಬಂತು, ಆಮೇಲೆ ಬೇವಿನ ಗಿಡ ಬಂತು, ಆಮೇಲೆ ಬಾಯಿಯೊಳಗಿನ ಕತ್ತಲೆ, ಕೊನೆಗೆ ಕೆಳಗೆ ಕೈಯೆತ್ತಿ ನಿಂತ ಆಯಿ. ಹಗ್ಗ ಬರಲಿಲ್ಲ. ಕಾದೆ, ತಟ್ಟೆ ಅಲುಗಾಡಿಸಿದೆ, ಆದರೂ ಬರಲಿಲ್ಲ. ಆಮೇಲೆ ಹೊಳೆಯಿತು: ಪುಂಡಿನಾರಿನ ಕಂದು ಹಗ್ಗ, ಹಿಂದೆ ಬೇವಿನ ಹಸಿರು. ಕಣ್ಣಿಗೆ ಎರಡು ಬೇರೆ ಬಣ್ಣ, ನನ್ನ ರೀಲಿಗೆ ಎರಡೂ ಒಂದೇ ಬೂದಿ. ಬೂದಿಯಲ್ಲಿ ಬೂದಿ ಕರಗಿಹೋಗಿತ್ತು. ಹುಡುಗಿ ಏನನ್ನೂ ಹಿಡಿಯದೆ, ಮುಷ್ಟಿ ಬಿಗಿದುಕೊಂಡು, ಆಕಾಶಕ್ಕೆ ಹೋಗುತ್ತಿದ್ದಳು. ಕೆಳಗೆ ಮುದುಕಿ ಎರಡೂ ಕೈ ಚಾಚಿ ಆಕೆಯನ್ನು ಕಳಿಸಿಕೊಡುತ್ತಿದ್ದಳು.

ನನಗೆ ಆನಂದವಾಯಿತು. ಇದಕ್ಕಿಂತ ಒಳ್ಳೆಯ ಪಟ ನಾನು ತೆಗೆದಿರಲಿಲ್ಲ. ಬಂಧನ ಕಳಚಿದ ಬಾಲ್ಯ ಎಂದೇನೋ ಭಾರವಾದ ಹೆಸರನ್ನೂ ಇಟ್ಟೆ. ಯಾದಗಿರಿಯಲ್ಲಿ ಮಕ್ಕಳ ದಿನಕ್ಕೆ ನಡೆಯುವ ಪ್ರದರ್ಶನಕ್ಕೆ ಒಂದು ಪ್ರತಿ ಎತ್ತಿಟ್ಟು, ಇನ್ನೊಂದನ್ನು ದಪ್ಪ ರಟ್ಟಿಗೆ ಅಂಟಿಸಿ, ಶೋಭೆ ಹೆಚ್ಚಲೆಂದು ಸುತ್ತಲೂ ಕರಿ ಅಂಚು ಬರೆದೆ. ಶಹಾಪುರಕ್ಕೆ ಬಂದಿದ್ದ ನನ್ನ ವಿದ್ಯಾರ್ಥಿಯ ಕೈಯಲ್ಲಿ ಅದನ್ನು ಹುಡುಗಿಗೆ ಕಳಿಸಿದೆ.

ಆತನ ಫೋನು ಬರಲು ತಡವಾಯಿತು. ಬಂದಾಗ ದನಿ ಸಣ್ಣದಿತ್ತು.

'ಸರ್, ಫೋಟೋ ಮುಟ್ಟಿಸೀನ್ರಿ.'

'ಏನಂದ್ರು?'

'ಏನೂ ಅನ್ಲಿಲ್ರಿ. ಆಯಿ ನೋಡಿದ್ಳು, ಕುಂತಬಿಟ್ಳು.'

'ಖುಷಿ ಆಗಿರಬೇಕು.'

'ಹಂಗ ಕಾಣ್ಲಿಲ್ರಿ ಸರ್.' ಹಿಂದೆ ಆತನ ಮಗ ಏನೋ ಗದ್ದಲ ಮಾಡುತ್ತಿದ್ದ. 'ಚುಪ್ ಬೈಟ್ ರೇ' ಎಂದು ಅವನನ್ನು ಗದರಿಸಿ ಮುಂದುವರಿಸಿದ. 'ಅವ್ರ ಮನ್ಯಾಗ ಗ್ವಾಡಿಗೆ ಎರಡು ಫೋಟೋ ಅದಾವ್ರಿ. ಒಂದು ತೀರಿಕೊಂಡ ಮುತ್ಯಾಂದು, ಒಂದು ಆ ಹುಡುಗಿ ಅವ್ವಂದು. ಎರಡೂ ಕರೀದು-ಬಿಳೀದು. ಬಾಜು ಮನಿಯಾವ ಒಬ್ಬ ಇದನ್ನೂ ತಗೊಂಡು ಅದರ ಸಾಲಿಗೇ ಹಾಕ್ಯಾನ. ಆಯಿ ನೀರ ತಗೊಂಡು ಒಳಗ ಬಂದು ನೋಡ್ತಾಳ, ಗಂಡ, ಮಗಳು, ಮೊಮ್ಮಗಳು. ಕೊಡಾನೇ ಕೈಬಿಟ್ಳು ಅಂತ್ರಿ.'

ನಾನು ಶೋಭೆಗೆಂದು ಬರೆದ ಕರಿ ಅಂಚು ನೆನಪಾಯಿತು.

'ಮರುದಿನ ಹುಡುಗಿಗಿ ಚಳಿಜ್ವರ ಬಂತ್ರಿ. ಮಳ್ಯಾಗ ತೋಯಿಸ್ಕೊಂಡಿದ್ಳು, ಅದಕ್ಕ ಬಂತು ಅಂತ ನಾ ಹೇಳ್ದೆ. ಯಾರ ಕೇಳ್ತಾರ? ಈಗ ಜ್ವರ ಬಿಟ್ಟದ. ಆದ್ರ ಆಯಿ ಆಕಿನ್ನ ಹೊಸ್ತಿಲ ದಾಟಸವಲ್ಳು. ಆಟ ಇಲ್ಲ, ಜೋಕಾಲಿ ಇಲ್ಲ, ಸಾಲಿನೂ ಇಲ್ಲ. ಹೊರಗ ಹೋದ್ರ ಕೂಸು ಹೋಗೇಬಿಡ್ತದಂತ. ನೀವ ಬಂದು ಜರಾ ಹೇಳ್ರಿ ಸರ್. ತಗದವ್ರು ನೀವು.'

ನಾನು ಸಕಲ ಸಾಕ್ಷ್ಯಾಧಾರಗಳೊಂದಿಗೆ ಹೊರಟೆ. ಹಗ್ಗ ಇದ್ದೇ ಇದೆ ಎಂದು ಸಾಬೀತು ಮಾಡಲು ಆ ಪಟದ ನೆಗೆಟಿವ್, ಭೂತಗನ್ನಡಿ, ಜೊತೆಗೆ ಬೆಳಕು ಮತ್ತು ಬಣ್ಣಗಳ ಕುರಿತು ಬಸ್ಸಿನಲ್ಲೇ ಸಿದ್ಧಪಡಿಸಿದ ಕಿರು ಉಪನ್ಯಾಸ. ಹೋಗುವಾಗ ಹೆಂಡತಿ, 'ಅಲ್ಲಿ ಜಾಸ್ತಿ ತಿಳಿಸಿ ಹೇಳಾಕ ಹೋಗಬ್ಯಾಡ್ರಿ' ಅಂದಿದ್ದಳು. ಆ ಎಚ್ಚರಿಕೆಯನ್ನೂ ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಓಣಿಗೆ ಕಾಲಿಟ್ಟಾಗ ಜೋಕಾಲಿ ಹಾಗೇ ಇತ್ತು, ಹತ್ತಿದವರು ಯಾರೂ ಇರಲಿಲ್ಲ. ಬೇರೆ ಮಕ್ಕಳೂ ಅದರಿಂದ ದೂರ ಸರಿದು ಗೋಲಿ ಆಡುತ್ತಿದ್ದವು. ನನ್ನ ಹೆಗಲ ಚೀಲ ಕಂಡದ್ದೇ ತಡ, ಒಬ್ಬ ತಾಯಿ ತನ್ನ ಕೂಸನ್ನು ರಟ್ಟೆ ಹಿಡಿದು ಒಳಗೆ ಎಳೆದುಕೊಂಡಳು. ಇನ್ನೊಂದು ಬಾಗಿಲು ತಾನಾಗಿಯೇ ಮುಚ್ಚಿತು. ನಾನು ತೆಗೆದ ಪಟಗಳಲ್ಲಿ ಕಾಣುವ ಖಾಲಿ ಊರು ಹಗಲು ಹೊತ್ತಿನಲ್ಲಿ, ಬಣ್ಣಬಣ್ಣವಾಗಿ, ನನ್ನ ಎದುರು ನಿಂತಿತ್ತು.

ಒಳಗೆ ಹುಡುಗಿ ಮಂಚದ ಮೇಲೆ ಕುಳಿತಿದ್ದಳು. ಕಾಲಿಗೆ ಕರಿದಾರ, ಕೆನ್ನೆಗೆ ಕರಿಬೊಟ್ಟು, ಕೊರಳಲ್ಲಿ ತಾಯಿತ, ಹಣೆಗೆ ದರ್ಗಾದ ಊದಿನ ಬೂದಿ. ಸರ್ವಧರ್ಮಗಳೂ ಕಾವಲಿಗೆ ನಿಂತಿದ್ದವು. ಪಟ ಜೋಳದ ಚೀಲದ ಕೆಳಗೆ ಬೋರಲು ಬಿದ್ದಿತ್ತು, ಮೇಲೆ ಬೇವಿನ ಸೊಪ್ಪು. ಗೋಡೆಯ ಮೇಲಿನ ಇಬ್ಬರೂ ನನ್ನನ್ನೇ ನೋಡುತ್ತಿದ್ದರು.

'ಹೆಂಗಿದ್ದಿಯವ್ವಾ?' ಅಂದೆ.

'ಛಲೋ ಅದೀನ್ರಿ' ಎಂದು ಹುಡುಗಿ ತಲೆ ತಗ್ಗಿಸಿದಳು. 'ಸರ್, ನಾ ನಗೂ ಮುಂದ ತಗದ್ರಲಾ, ಅದಕ್ಕ ಹಿಂಗಾತಂತ್ರಿ. ಈಗ ನಗೂದು ಬಿಟ್ಟೀನಿ.'

ನನ್ನ ಉಪನ್ಯಾಸದ ಪೀಠಿಕೆ ಅಲ್ಲೇ ಮರೆತುಹೋಯಿತು.

ಆಯಿ ಚಾ ತಂದಿಟ್ಟು ಎದುರಿಗೆ ಕುಳಿತಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ಪಾಲು ಮೇಲಾಗಿತ್ತು.

'ಮಾಸ್ತರ, ನೀವು ಓದಿದವರು. ಒಂದು ಮಾತ ಕೇಳ್ತೀನಿ. ನನ್ನ ಮಗಳಿದ್ದಾಗ ಸಂತಿಯಾಗ ಒಂದು ಬಣ್ಣದ ಫೋಟೋ ತಗಿಸಿದ್ಳು. ಹಸರ ಸೀರಿ, ಕೆಂಪು ಕುಬಸ. ಆಕಿ ಹೋದಮ್ಯಾಲ ಅದನ್ನ ಸುರಪುರಕ್ಕ ಒಯ್ದು ದೊಡ್ಡದು ಮಾಡ್ರಿ ಅಂದ್ರ ಸ್ಟುಡಿಯೋದಾಂವ ಬಣ್ಣೆಲ್ಲ ತಗದು ಕೊಟ್ಟ. ತೀರಿಕೊಂಡವ್ರದು ಹಿಂಗ ಇರ್ತದ ಅಂದ. ಹೌದಲ್ಲೋ? ನೀವು ಜೀವ ಇರೂ ಕೂಸಿಂದ ಯಾಕ ಬಣ್ಣ ತಗದ್ರಿ?'

'ನನ್ನ ಕ್ಯಾಮೆರಾದಾಗ ಬಣ್ಣ ಬರೂದೇ ಇಲ್ಲ ಆಯಿ. ಎಲ್ಲಾರದೂ ಹಂಗ ಬರ್ತದ.'

'ಮೆಣಸಿನಕಾಯಿ ನಿವಾಳಿಸಿ ಒಲ್ಯಾಗ ಹಾಕೀನಿ. ಘಾಟ ಬರಲಿಲ್ಲ. ಒಂದು ಸೀನ ಸೈತ ಬರಲಿಲ್ಲ. ಇಷ್ಟು ದೊಡ್ಡ ನದರ ನಾ ಎಂದೂ ನೋಡಿಲ್ಲ.'

'ಮೆಣಸಿನಕಾಯಿ ಹಳೇವು ಇರಬೇಕ್ರಿ' ಎಂದು ನನ್ನ ವಿದ್ಯಾರ್ಥಿ ಬಾಯಿ ಹಾಕಿದ.

'ನೀ ಸುಮ್ಕಿರೋ ತಮ್ಮಾ. ಹ್ವಾದ ವಾರ ಇವೇ ಮೆಣಸಿನಕಾಯಿ ಪಲ್ಯಾ ತಿಂದು ಕಣ್ಣಾಗ ನೀರ ತಗೊಂಡಾಂವ ನೀನ ಅಲ್ಲೇನು?' ಅವನ ಬಾಯಿ ಮುಚ್ಚಿಸಿ ಆಯಿ ನನ್ನ ಕಡೆ ತಿರುಗಿದಳು. 'ಅದೂ ಹೋಗ್ಲಿ. ಹಗ್ಗ ಎಲ್ಲದ?'

ಇದಕ್ಕಾಗಿಯೇ ಕಾದಿದ್ದೆ. ಗಂಟಲು ಸರಿಪಡಿಸಿಕೊಂಡು ಶುರು ಮಾಡಿದೆ. ಎಲೆಯ ಹಸಿರು, ನಾರಿನ ಕಂದು, ಎರಡೂ ಒಂದೇ ಬೂದುಬಣ್ಣವಾಗುವ ಬಗೆ, ಎಲ್ಲವನ್ನೂ ಎಳೆ ಎಳೆಯಾಗಿ ಬಿಡಿಸಿ ಹೇಳಿದೆ. 'ಒಟ್ಟಿನಾಗ ಹಗ್ಗ ಅದ ಆಯಿ. ಗಟ್ಟಿ ಅದ. ಕಾಣಂಗಿಲ್ಲ, ಅಷ್ಟ.'

ಆಯಿ ಚಾದ ಬಟ್ಟಲನ್ನು ನನ್ನ ಕಡೆ ಸರಿಸಿದಳು.

'ಯಮನ ಹಗ್ಗಾನೂ ಹಂಗ ಅಲಾ ಮಾಸ್ತರ? ಅದ, ಗಟ್ಟಿ ಅದ, ಕಾಣಂಗಿಲ್ಲ.'

ಚಾ ಆರಿಹೋಗಿತ್ತು. ಒಂದು ಕಡೆಯ ಯತ್ನವಾಗಿ, ನನ್ನ ಸಂವಿಧಾನಕ್ಕೆ ತಿದ್ದುಪಡಿ ತಂದು, ಪಟದ ಮೇಲೆ ಹುಡುಗಿಗೆ ಮಾತ್ರ ಕೈಯಿಂದ ಬಣ್ಣ ಹಚ್ಚಿಕೊಡುವೆನೆಂದೆ. ಹಸಿರು ಲಂಗ, ಕೆನ್ನೆಗೆ ಕೆಂಪು, ಹೆಂಗೆ ಬೇಕೋ ಹಂಗೆ.

'ಬ್ಯಾಡ್ರಿ' ಅಂದಳು ಆಯಿ. 'ಹೆಣಕ್ಕೂ ಅರಿಷಿಣ ಹಚ್ತಾರ.'

ಆಮೇಲೆ ಆಕೆ ತಾನು ನಿರ್ಧರಿಸಿಕೊಂಡದ್ದನ್ನು ಹೇಳಿದಳು. ಈ ಕಾಗದ ಬರೀ ಎಲೆ, ಇದಕ್ಕೆ ಬೇರು ಒಂದಿರುತ್ತದೆ, ಆ ಬೇರಿನಿಂದ ಎಷ್ಟು ಬೇಕಾದರೂ ಎಲೆ ಬಿಡಿಸಬಹುದು ಎಂದು ಸುರಪುರದ ಸ್ಟುಡಿಯೋದವ ಹೇಳಿದ್ದಾನೆ. ಆ ಬೇರನ್ನು ತನ್ನ ಕೈಗೆ ಕೊಡಬೇಕು. ನಾರಾಯಣಪುರಕ್ಕೆ ಒಯ್ದು ಕೃಷ್ಣೆಗೆ ಬಿಡುತ್ತಾಳೆ. ಆಮೇಲೂ ಶ್ರಾವಣ ಮುಗಿಯುವ ತನಕ ಹುಡುಗಿ ಹೊಸ್ತಿಲ ದಾಟುವುದಿಲ್ಲ. ಶ್ರಾವಣ ಮುಗಿದ ಮೇಲೆ? 'ಆಮ್ಯಾಲ ನೋಡೂಣು' ಅಂದಳು. ಹುಡುಗಿ ಬಾಗಿಲಾಚೆ ಗೋಲಿಯ ಸದ್ದಿಗೆ ಕಿವಿ ಕೊಟ್ಟು ಕುಳಿತಿದ್ದಳು. ಆ ನೋಡೂಣು ಎಷ್ಟು ಉದ್ದದ್ದೆಂದು ಆಕೆಗೆ ಗೊತ್ತಿತ್ತು.

ಬೇರು ನನ್ನ ಚೀಲದಲ್ಲೇ ಇತ್ತು. ಕೊಟ್ಟರೆ ಯಾದಗಿರಿಗೆಂದು ಎತ್ತಿಟ್ಟ ಒಂದು ಪ್ರತಿ ಬಿಟ್ಟರೆ ಆ ಪಟ ಇನ್ನೆಂದೂ ಹುಟ್ಟುವುದಿಲ್ಲ. ನಾನು ಚೀಲದ ಬಾಯಿ ಬಿಚ್ಚಿದೆ, ಕಟ್ಟಿದೆ, ಮತ್ತೆ ಬಿಚ್ಚಿದೆ. ಕೊನೆಗೆ ತೆಗೆದು, ಆಯಿಯ ಕೈಗೆ ಕೊಡಲು ಧೈರ್ಯ ಸಾಲದೆ, ಹುಡುಗಿಯ ಕೈಗೆ ಕೊಟ್ಟೆ. 'ಅಂಚಿಗಿ ಹಿಡಿ, ಬೆಳಕಿಗಿ ಹಿಡಿದು ನೋಡು' ಅಂದೆ, ಅಭ್ಯಾಸಬಲದಿಂದ. ಹುಡುಗಿ ಎದ್ದು ಹೊಸ್ತಿಲ ಈಚೆಯೇ ನಿಂತು ಅದನ್ನು ಆಕಾಶಕ್ಕೆ ಹಿಡಿದಳು. ಒಂದು ಕಣ್ಣು ಮುಚ್ಚಿದಳು.

'ಆಯಿ!' ಅಂದಳು. 'ಆಯಿ, ಬಾ ಇಲ್ಲಿ! ನಾ ಮುದುಕಿ ಆಗೀನಿ! ಕೂದಲೆಲ್ಲ ಬೆಳ್ಳಗ ಆಗ್ಯಾವ ನೋಡು, ನಿನ್ನಂಗ!'

ಆಯಿ ನಿಧಾನ ಎದ್ದಳು. ನೆಗೆಟಿವ್ ತೆಗೆದುಕೊಂಡು ಬೆಳಕಿಗೆ ಹಿಡಿದಳು. ನೆಗೆಟಿವ್‌ನಲ್ಲಿ ಕಪ್ಪೆಲ್ಲ ಬಿಳುಪು, ಬಿಳುಪೆಲ್ಲ ಕಪ್ಪು ಎಂಬುದು ನನಗೆ ಎಷ್ಟು ಮಾಮೂಲಾಗಿತ್ತೆಂದರೆ, ಅಲ್ಲಿ ಯಾರಿಗಾದರೂ ಏನಾದರೂ ಕಾಣಬಹುದೆಂದು ನಾನು ಯೋಚಿಸಿಯೇ ಇರಲಿಲ್ಲ.

'ಮಾಸ್ತರ' ಅಂದಳು ಆಕೆ, ಕಣ್ಣು ತೆಗೆಯದೆ. 'ಖರೇ ಹೇಳ್ರಿ. ಮೊದಲ ಬಂದದ್ದು ಇದಾ, ಆ ಕಾಗದಾ?'

'ಇದ ಮೊದಲ. ಕ್ಯಾಮೆರಾದೊಳಗ ಆದದ್ದು ಇದ.'

'ಆ ಕಾಗದ?'

'ಅದು ಇದರ ನೆರಳು.'

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಯಾವ ಕೋರ್ಟಿನಲ್ಲಿ ಬೇಕಾದರೂ ಹೇಳಿಯೇನು.

'ಹಂಗಾರ ಇದ ಖರೇದು' ಅಂದಳು ಆಯಿ. ಆಕೆಯ ಮುಖದ ಮೇಲಿನ ಬಿಗಿ ಒಂದೊಂದೇ ಗಂಟು ಬಿಚ್ಚಿದಂತೆ ಬಿಟ್ಟಿತು. 'ಮುದುಕಿ ಆಗ್ತಾಳ ಪೋರಿ. ನೆರಿತಾಳ. ಮೊಮ್ಮಕ್ಕಳ್ನ ತೂಗ್ತಾಳ.' ಹುಡುಗಿಯ ಗಲ್ಲ ಹಿಡಿದು, ಬೆರಳು ಮುರಿದು ನೆಟಿಗೆ ತೆಗೆದಳು. ಹುಡುಗಿ ನಗಬಹುದೋ ಬಾರದೋ ಎಂದು ನನ್ನ ಕಡೆ ನೋಡಿದಳು.

ಅಷ್ಟಕ್ಕೇ ಮುಗಿದಿದ್ದರೆ ನಾನು ಈ ಕತೆಯನ್ನು ಮದುವೆಮನೆಯ ಊಟದ ಪಂಕ್ತಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ. ಆದರೆ ಆಯಿ ಇನ್ನೊಮ್ಮೆ ಅದನ್ನು ಬೆಳಕಿಗೆ ಹಿಡಿದಳು. ಈಗ ಆಕೆಯ ಕಣ್ಣು ಪಟದ ಕೆಳಗಿನ ಮೂಲೆಗೆ ಇಳಿಯಿತು.

'ಈಕಿ ನಾನ ಹೌದಲ್ಲೋ? ದಬ್ಬಾಕತ್ತಾಕಿ?'

ಹುಡುಗಿ ಇಣುಕಿ ನೋಡಿ ಹೌದೆಂದು ತಲೆಯಾಡಿಸಿದಳು.

'ನನ್ನ ಕೂದಲ ಕರ್ರಗಾಗ್ಯಾವ' ಅಂದಳು ಆಯಿ.

ನನ್ನ ವಿದ್ಯಾರ್ಥಿ ವಿಜ್ಞಾನವನ್ನೂ ಕಲಿಸುವವ. 'ಹಂಗಲ್ಲಾ ಆಯಿ, ಅದು ಏನಂದ್ರ' ಎಂದು ಬಾಯಿ ತೆರೆದ. ನಾನು ಅವನ ಕಾಲು ತುಳಿದೆ. ಎಲ್ಲರದೂ ಹಾಗೇ ತಿರುಗುಮುರುಗು ಆಗುತ್ತದೆ ಎಂದು ಅವನು ಹೇಳಿ ಮುಗಿಸಿದ ಮರುಕ್ಷಣ ಹುಡುಗಿಯ ಬಿಳಿಗೂದಲೂ ಸುಳ್ಳಾಗುತ್ತಿತ್ತು, ಆಕೆ ಮತ್ತೆ ಆ ಮಂಚಕ್ಕೆ ಹೋಗುತ್ತಿದ್ದಳು. ಒಂದು ಉಳಿಯಬೇಕಾದರೆ ಇನ್ನೊಂದೂ ಉಳಿಯಬೇಕಿತ್ತು. ಅವನು ನನ್ನ ಮುಖ ನೋಡಿದ, ಅರ್ಥವಾಯಿತು, ಬಾಯಿ ಮುಚ್ಚಿದ.

'ಅದಲಾಬದಲಿ ಆಗ್ಯಾದ' ಅಂದಳು ಆಯಿ, ಸಂತೆಯಲ್ಲಿ ಒಳ್ಳೆಯ ವ್ಯಾಪಾರ ಕುದುರಿದವರ ದನಿಯಲ್ಲಿ. 'ನನ್ನ ವಯಸ್ಸು ಆಕಿಗಿ ಹೋಗ್ಯಾದ, ಆಕೀದು ನನಗ ಬಂದದ. ಕೂಸಿಗಿ ಬರೂದು ಮುದುಕಿಗಿ ಬರ್ತದ. ಬರ್ಲಿ.' ಕರಿದಾರವನ್ನು ತಾನೇ ಬಾಗಿ ಹುಡುಗಿಯ ಕಾಲಿನಿಂದ ಬಿಚ್ಚಿದಳು. 'ಹೋಗವಾ. ಆಡ ಹೋಗು.'

ಹುಡುಗಿ ಹೊಸ್ತಿಲ ಜಿಗಿದದ್ದು ಕಾಣಲೇ ಇಲ್ಲ, ಸದ್ದು ಮಾತ್ರ ಕೇಳಿತು. ಸ್ವಲ್ಪ ಹೊತ್ತಿಗೆ ಬೇವಿನ ಕೊಂಬೆ ನರಳತೊಡಗಿತು. ಆಯಿ ತೂಗಲು ಹೋಗಲಿಲ್ಲ. ಕೃಷ್ಣೆಗೆ ಬಿಡಬೇಕಾಗಿದ್ದ ಬೇರನ್ನು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡು ಬಾಗಿಲಲ್ಲಿ ಕುಳಿತು, ಪುಕ್ಕಟೆ ಸಿಕ್ಕ ಆಟ ನೋಡುವವಳಂತೆ ನೋಡಿದಳು. ನನಗೆ ಇನ್ನೊಂದು ಚಾ ಮಾಡಿಕೊಟ್ಟಳು. ಸಕ್ಕರೆ ಹೆಚ್ಚಾಗಿತ್ತು. ನಾನು ಆ ದಿನ ಚೀಲದಿಂದ ಕ್ಯಾಮೆರಾ ಹೊರಗೆ ತೆಗೆಯಲಿಲ್ಲ.

ಶಹಾಪುರಕ್ಕೆ ಬಂದ ಮೇಲೆ ನನಗೊಂದು ಹೊಸ ಕಾಯಿಲೆ ಅಂಟಿತು. ವಿದ್ಯಾರ್ಥಿಯ ಫೋನು ಬಂದರೆ ಎದೆ ಧಸಕ್ಕೆನ್ನುವುದು. ಅವನು ಸಂಬಳದ ತಕರಾರು ಹೇಳಲಿ, ಮಗನ ಹಲ್ಲುನೋವು ಹೇಳಲಿ, ನಾನು ಮೊದಲು ಕೇಳುವುದು, 'ಮುದುಕಿ ಹೆಂಗದಾಳ?' ಮುದುಕಿ ಗಟ್ಟಿಯಾಗಿದ್ದಳು. ಒಮ್ಮೆ ಕೆಮ್ಮಿದಳಂತೆ, ನಾನು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೂಢನಂಬಿಕೆ ಅಳಿಯಲಿ ಎಂದು ಸಾಲೆಯ ಗೋಡೆಗೆ ದೊಡ್ಡಕ್ಷರದಲ್ಲಿ ಬರೆಸಿದವನು ನಾನೇ. ಅಕ್ಷರಕ್ಕೆ ನೆರಳು ಕೊಟ್ಟು, ಚೆಂದಾಗಿ.

ಶ್ರಾವಣದ ಕಡೆಯಲ್ಲಿ ತಡೆಯಲಾಗದೆ ಮತ್ತೆ ಕಕ್ಕೇರಾಕ್ಕೆ ಹೋದೆ. ಜೋಕಾಲಿ ಇನ್ನೂ ಇತ್ತು, ಅದರ ಮೇಲೆ ಬೇರೆ ಹುಡುಗಿಯರು ಇದ್ದರು. ಇವಳು ಕಾಣಲಿಲ್ಲ. ಮನೆಯ ಬಾಗಿಲು ತೆರೆದಿತ್ತು, ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು.

ಬಡಿಯುತ್ತಿದ್ದವಳು ಹುಡುಗಿ. ಹಿಟ್ಟು ನಾದುವ ಕೊಣಮಿಗೆಗಿಂತ ಸ್ವಲ್ಪ ದೊಡ್ಡವಳು, ಅಷ್ಟೇ. ಸಾಲೆಯಿಂದ ಬಂದವಳು ಅಂಗಿಯನ್ನೂ ಬದಲಿಸಿರಲಿಲ್ಲ. ಆಯಿ ಹಿತ್ತಲಿಗೆ ಹೋಗಿದ್ದಳು.

'ಆಡಾಕ ಹೋಗಿಲ್ಲೇನು?' ಅಂದೆ.

'ಎಲ್ಲೀ ಆಟ್ರಿ ಸರ್. ಮುಂಜಾನೆ ನೀರ, ಸಂಜಿಗಿ ರೊಟ್ಟಿ. ನಿನ್ನಿ ಹಿಟ್ಟು ಬೀಸಾಕ ಗಿರಣಿಗಿ ನಾನ ಹೋಗಿದ್ದೆ. ಕಾಳ ಎಲ್ಲಿ ಇಡಬೇಕು, ಅಕ್ಕಚ್ಚು ಯಾವ ಎಮ್ಮಿಗಿ ಹಾಕಬೇಕು, ಮಾವನ ಮನಿ ಯಾವ ಊರಾಗದ, ಎಲ್ಲಾ ಬಾಯಿಪಾಠ ಹಚ್ಚ್ಯಾಳ.' ಬಾಗಿಲ ಕಡೆ ನೋಡಿ ದನಿ ಇಳಿಸಿದಳು. 'ಸರ್, ಆಯಿ ಎಲ್ಲಿ ಹೋಗ್ತಾಳ್ರಿ? ದಿನಾ ಹೇಳ್ತಾಳ, ನಾ ಹ್ವಾದಮ್ಯಾಲ ಇದು ಹಿಂಗ ಮಾಡು, ಅದು ಹಂಗ ಮಾಡು ಅಂತ. ಎಲ್ಲಿಗಿ ಅಂದ್ರ ನಗ್ತಾಳ.'

ಮಕ್ಕಳ ಪ್ರಶ್ನೆಗಳಿಗೆ ಉತ್ತರ ಕೊಡುವುದಕ್ಕೆಂದೇ ಸರಕಾರ ನನಗೆ ವರ್ಷಗಟ್ಟಲೆ ಪಗಾರ ಕೊಟ್ಟಿತ್ತು. ನಾನು ಒಲೆಯ ಬೆಂಕಿ ನೋಡಿದೆ.

ಆಯಿ ಕಟ್ಟಿಗೆ ಹಿಡಿದು ಒಳಬಂದಳು. ನನ್ನನ್ನು ಕಂಡು ಮುಖ ಅರಳಿತು. ಆರೋಗ್ಯ ನನಗಿಂತ ಚೆನ್ನಾಗಿತ್ತು. 'ಬರ್ರಿ ಮಾಸ್ತರ, ಪೋರಿ ಕೈಯ ರೊಟ್ಟಿ ತಿಂದು ಹೋಗ್ರಿ.'

'ಆಯಿ' ಅಂದೆ, 'ಕೂಸಿನ್ನ ಜರಾ ಆಡಾಕ ಬಿಡ್ರಿ. ಎಲ್ಲಾ ಈಗ ಕಲೀಬೇಕಂತ ಏನದ?'

'ಆಡ್ಲಿ ಬಿಡ್ರಿ, ಬ್ಯಾಡ ಅಂದೋರ್ಯಾರು?' ಆಯಿ ಒಲೆಗೆ ಕಟ್ಟಿಗೆ ಒಟ್ಟಿದಳು. 'ಆಕಿಗೇನು, ಮುದುಕಿ ಆಗೂತನ ಟೈಮ್ ಅದ. ಟೈಮ್ ಇಲ್ಲದಾಕಿ ನಾನು.'

ಹಂಚಿನ ಮೇಲಿನ ರೊಟ್ಟಿಯನ್ನು ಬೆರಳಿನಿಂದ ಒತ್ತಿ ನೋಡಿ, 'ದಪ್ಪ ಆಗ್ಯಾದ. ಇನ್ನಾ ತೆಳ್ಳಗ ಬಡಿ' ಎಂದು ಹುಡುಗಿಗೆ ಹೇಳಿದಳು. ಹೊರಗೆ ಓಣಿಯ ಮಕ್ಕಳು ಹುಡುಗಿಯ ಹೆಸರು ಹಿಡಿದು ಕೂಗಿದರು, ಒಮ್ಮೆ ಕೂಗಿ, ಇನ್ನೊಮ್ಮೆ ಕೂಗಿ, ತಮ್ಮ ಪಾಡಿಗೆ ಆಟಕ್ಕೆ ಹೋದರು. ಹುಡುಗಿ ತಲೆಯೆತ್ತಲಿಲ್ಲ. ಹಿಟ್ಟಿನ ಇನ್ನೊಂದು ಉಂಡಿ ತೆಗೆದುಕೊಂಡಳು.